ಅರ್ಧಕ್ಕೆ ನಿಂತ ಕೆಲಸ ಯಾರದು?

ಒಬ್ಬರು ಕೆಲಸವನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡರೆ ಉಳಿದವರು ಅದನ್ನು ಮುಗಿಸಬಹುದೇ? ಮುಗಿಸಿದ ಮೇಲೆ ಅದು ಅವರದೋ, ಇವರದೋ? ಅಮೆರಿಕದ ಗಿಟಾರ್ ವಾದಕ ಚಾರ್ಲ್ಸ್ ಸಾಟೆಲ್ ಅವರ ಕೊನೆಯ ಆಲ್ಬಂ ನನ್ನನ್ನು ಈ ಪ್ರಶ್ನೆಗೆ ಹಚ್ಚಿತು.

ಅವರದು ಬ್ಲೂಗ್ರಾಸ್ ಸಂಗೀತ. ಅಲ್ಲಿನ ಹಳ್ಳಿಗಾಡಿನ ಹಾಡುಗಳಿಂದ ಬೆಳೆದದ್ದು. ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್, ಗಿಟಾರ್ ಎಲ್ಲಕ್ಕೂ ಸರದಿ ಉಂಟು. ಒಬ್ಬರು ಮುಂದೆ ಬಂದು ನುಡಿಸುವಾಗ ಮಿಕ್ಕವರು ದನಿ ತಗ್ಗಿಸಿ ಲಯ ಹಿಡಿದು ನಿಲ್ಲುತ್ತಾರೆ. 1978ರಲ್ಲಿ ಕೊಲರಾಡೊದಲ್ಲಿ ಶುರುವಾದ ಹಾಟ್ ರೈಜ್ ತಂಡದಲ್ಲಿ ಸಾಟೆಲ್ ಗಿಟಾರ್ ನುಡಿಸುತ್ತಿದ್ದರು. ಮುಂದೆ ರಕ್ತದ ಕ್ಯಾನ್ಸರ್ ಬಂತು. ಆದರೂ ಗೆಳೆಯರನ್ನು ಕೂಡಿಸಿಕೊಂಡು ಹಾಡುಗಳನ್ನು ಧ್ವನಿಮುದ್ರಿಸಿದರು. 1999ರಲ್ಲಿ ತೀರಿಹೋದರು. ಗಾಯಕಿ ಲಾರಿ ಲೂಯಿಸ್ ಮೊದಲಾದ ಗೆಳೆಯರು ಉಳಿದ ಕೆಲಸ ಪೂರೈಸಿದರು. 2001ರಲ್ಲಿ ‘ಮ್ಯೂಸಿಕ್ ಫ್ರಂ ರಾಂಚೊ ಡಿವಿಲ್’ ಎಂದು ಅದು ಸಾಟೆಲ್ ಅವರ ಹೆಸರಲ್ಲೇ ಹೊರಬಂತು.

“ಸತ್ತವರ ಕೆಲಸಕ್ಕೆ ಕೈಹಾಕಬಾರದು, ಇದ್ದಹಾಗೇ ಇರಲಿ” ಅನ್ನುವವರಿದ್ದಾರೆ. ಆ ಮಾತಿನಲ್ಲಿ ಗೌರವವಿದೆ. ಆದರೆ ಕೇಳಲೆಂದೇ ನುಡಿಸಿದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವುದು ಯಾವ ಗೌರವ? ಇನ್ನೊಂದು ಭಯವೂ ನಿಜ. ತೀರಿಹೋದವರು “ಬೇಡಪ್ಪಾ” ಅನ್ನಲಾರರು. ಮುಗಿಸುವವರು ತಮ್ಮ ಜಾಣತನವನ್ನೇ ತುಂಬಿಬಿಡಬಹುದು.

ನನಗನ್ನಿಸುವುದು, ಆ ಸಂಗೀತದ ರೀತಿಯಲ್ಲೇ ಉತ್ತರವಿದೆ. ಸರದಿ ಇನ್ನೂ ಸಾಟೆಲ್ ಅವರದೇ. ಮಿಕ್ಕವರು ದನಿ ತಗ್ಗಿಸಿ ನುಡಿಸಬೇಕು. ಅಪ್ಪ ಅರ್ಧ ತೋಡಿದ ಬಾವಿಯಿರಲಿ, ಮೇಷ್ಟ್ರು ಅರ್ಧ ಬರೆದಿಟ್ಟ ಪುಸ್ತಕವಿರಲಿ, ಕೈಹಾಕುವವರು ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಅವರಿಗೆ ಬೇಕಾಗಿದ್ದದ್ದು ಏನು? ಅದು ಗೊತ್ತಿದ್ದರೆ ಮುಗಿಸಬಹುದು. ಗೊತ್ತಿಲ್ಲದಿದ್ದರೆ ಬಲ್ಲ ಗೆಳೆಯರನ್ನು ಹುಡುಕಿಕೊಂಡು ಹೋಗಬೇಕು.