ಕೊಟ್ಟು ಬಾಗುವ ಕಣ

ಗಾಜಿನ ನಳಿಕೆಯಲ್ಲಿ ತಿಳಿಯಾದ ದ್ರಾವಣ. ಬೆರಳ ತುದಿಯಿಂದ ತೆಗೆದ ಒಂದು ಹನಿ ರಕ್ತವನ್ನು ಅದಕ್ಕೆ ಬಿಟ್ಟು, ಕೆಲವು ನಿಮಿಷ ಕಾದು, ನಳಿಕೆಯ ಹಿಂದೆ ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಗೆರೆ ಕಂಡರೆ ಚಿಂತೆಯಿಲ್ಲ. ದ್ರಾವಣ ಮಬ್ಬಾಗಿ ಗೆರೆ ಮರೆಯಾದರೆ ಆ ರಕ್ತದಲ್ಲಿ ಸಿಕಲ್ ಸೆಲ್ ಹಿಮೋಗ್ಲೋಬಿನ್ ಇರುವ ಸೂಚನೆ. ಅದು ಕಾಯಿಲೆಯೋ, ಬರೀ ವಾಹಕ ಸ್ಥಿತಿಯೋ ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಬೇಕು.

ಈ ಮಬ್ಬಿನ ಮೂಲ ಹುಡುಕುತ್ತಾ ಹೋದರೆ ಸಿಗುವುದು ವಂಶವಾಹಿಯ ಒಂದೇ ಒಂದು ಅಕ್ಷರದ ಬದಲಾವಣೆ. ಹಿಮೋಗ್ಲೋಬಿನ್‌ನ ಬೀಟಾ ಸರಪಣಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆ ಒಂದು ಅಕ್ಷರದಿಂದಾಗಿ ಆರನೆಯದರ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಕೂತಿದೆ, ಅಷ್ಟೇ. ಆಮ್ಲಜನಕ ಹೊತ್ತಿರುವಷ್ಟು ಹೊತ್ತು ಆ ಹಿಮೋಗ್ಲೋಬಿನ್ ಎಲ್ಲರದರಂತೆಯೇ ಇರುತ್ತದೆ. ಹೊತ್ತದ್ದನ್ನು ಮೈಗೆ ಕೊಟ್ಟ ಮೇಲೆಯೇ ಅದರ ಅಣುಗಳು ಒಂದಕ್ಕೊಂದು ಅಂಟಿ, ಉದ್ದನೆಯ ಎಳೆಗಳಾಗಿ, ದುಂಡಗಿದ್ದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಶ್ವಾಸಕೋಶಕ್ಕೆ ಮರಳಿ, ಆಮ್ಲಜನಕ ಸಿಕ್ಕಿದರೆ ಮತ್ತೆ ದುಂಡಗಾಗುತ್ತದೆ. ಹೀಗೆ ಬಾಗಿ ಬಾಗಿ ಒಂದು ದಿನ ಬಾಗಿದಂತೆಯೇ ಉಳಿದುಬಿಡುತ್ತದೆ. 120 ದಿನ ಬದುಕಬೇಕಾದ ಕೆಂಪು ರಕ್ತಕಣ ಹತ್ತಿಪ್ಪತ್ತು ದಿನಕ್ಕೆ ಮುಗಿಯುತ್ತದೆ. ಕೊಡುವುದು ಅದರ ಧರ್ಮ. ಕೊಡುವುದರಲ್ಲೇ ಅದಕ್ಕೆ ಪೆಟ್ಟು.

ಇಷ್ಟು ನೋವು ತರುವ ಅಕ್ಷರ ಸಾವಿರಾರು ವರ್ಷ ಅಳಿಯದೆ ಉಳಿದದ್ದಾದರೂ ಹೇಗೆ? 1954ರಲ್ಲಿ ವಿಜ್ಞಾನಿ ಆಂಥೋನಿ ಆಲಿಸನ್ ಆಫ್ರಿಕಾದಲ್ಲಿ ಉತ್ತರ ಕಂಡರು. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಇದು ಬಂದರೆ ಮಗು ವಾಹಕ, ಮಾರಕ ಮಲೇರಿಯಾದಿಂದ ಅದಕ್ಕೆ ರಕ್ಷಣೆ. ಇಬ್ಬರಿಂದಲೂ ಬಂದರೆ ಕಾಯಿಲೆ. ಅದಕ್ಕೂ ಎರಡು ವರ್ಷ ಮೊದಲೇ ನಮ್ಮ ಮಗ್ಗುಲಿನ ನೀಲಗಿರಿಯ ಬುಡಕಟ್ಟು ಜನರಲ್ಲಿ ಇದು ಪತ್ತೆಯಾಗಿತ್ತು. ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿ ಪೋಡುಗಳಲ್ಲೂ ಇದೆ. ಇದನ್ನು ಶಾಪ, ಪೂರ್ವಜನ್ಮದ ಕರ್ಮ ಎನ್ನುವವರಿಗೆ ನಾನು ಹೇಳಬೇಕೆನಿಸುವುದು ಇಷ್ಟೇ: ಇದು ಜ್ವರದ ಕಾಡುಗಳಲ್ಲಿ ಎಷ್ಟೋ ಮಕ್ಕಳನ್ನು ಉಳಿಸಿದ ರಕ್ತ. ಆ ಉಳಿವಿನ ಋಣವನ್ನು ಇಂದು ಕೆಲವು ಮಕ್ಕಳು ಒಬ್ಬೊಬ್ಬರೇ ತೀರಿಸುತ್ತಿದ್ದಾರೆ.

ಆ ಋಣದ ಹೆಸರು ನೋವು. ಬಾಗಿದ ಕಣಗಳು ಕಿರಿಯ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆ ಮೂಳೆಯೂ ನೋಯುತ್ತದೆ. ಹಸುಗೂಸಿನ ಕೈಕಾಲು ಊದಿಕೊಳ್ಳುತ್ತವೆ. ದೊಡ್ಡ ಮಕ್ಕಳಲ್ಲಿ, ದೊಡ್ಡವರಲ್ಲಿ ಎಷ್ಟೋ ಸಲ ಹೊರಗೆ ಗಾಯವಿಲ್ಲ, ಬಾವು ಇಲ್ಲ. ನಿನ್ನೆ ಆಡುತ್ತಿದ್ದ ಹುಡುಗಿ ಇಂದು ಏಳಲಾರಳು. ಶಾಲೆಯಲ್ಲಿ ನೆಪ ಎನ್ನುತ್ತಾರೆ, ಕೂಲಿಯ ಕಡೆ ಮೈಗಳ್ಳತನ ಎನ್ನುತ್ತಾರೆ. ಕಾಯಿಲೆಯ ನೋವಿನ ಮೇಲೆ ಅಪನಂಬಿಕೆಯ ನೋವು.

ಬದುಕುವ ದಾರಿಗಳಿವೆ. ಬಾಯಾರುವ ಮೊದಲೇ ನೀರು ಕುಡಿಯುವುದು, ಚಳಿಗೆ ಮೈಯೊಡ್ಡದಿರುವುದು, ದಿನವೂ ಫೋಲಿಕ್ ಆಸಿಡ್ ಮಾತ್ರೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆ. ಇನ್ನೊಂದು ದಾರಿಯ ಸುಳಿವು ಗರ್ಭದಲ್ಲೇ ಇದೆ. ಗರ್ಭದಲ್ಲಿರುವ ಮಗುವಿನ ಹಿಮೋಗ್ಲೋಬಿನ್ ಬೇರೆ ಬಗೆಯದು, ಅದು ಹೀಗೆ ಅಂಟುವುದಿಲ್ಲ. ಹುಟ್ಟಿದ ಮೊದಲ ಕೆಲವು ತಿಂಗಳು ಮಗುವನ್ನು ಕಾಯುವುದು ಅದೇ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಆ ಹಿಮೋಗ್ಲೋಬಿನ್ನನ್ನು ದೊಡ್ಡವರ ರಕ್ತದಲ್ಲಿ ಮತ್ತೆ ಹೆಚ್ಚಿಸುತ್ತದೆ. 2023ರಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಒಪ್ಪಿಗೆ ಪಡೆದ ವಂಶವಾಹಿ ಚಿಕಿತ್ಸೆ ಕ್ಯಾಸ್ಗೆವಿ ಎಬ್ಬಿಸುವುದೂ ಅದನ್ನೇ, ಆದರೆ ಅದರ ಬೆಲೆ ಕೋಟಿಗಳಲ್ಲಿ. ಅದೇ ವರ್ಷ ಜುಲೈ 1ರಂದು ನಮ್ಮಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡು ಹೊರಟಿತು. ವಾಹಕರು ರೋಗಿಗಳಲ್ಲ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ಮುಂಚೆಯೇ ತಿಳಿದಿರುವುದು ಒಳ್ಳೆಯದು. ಆದರೆ ತಪಾಸಣೆಯ ಚೀಟಿ ನೋಡಿ ಹೆಣ್ಣನ್ನು ಬೇಡವೆನ್ನುವ ಊರಿನಲ್ಲಿ ಯಾರು ತಾನೇ ಬೆರಳು ಮುಂದೆ ಮಾಡುತ್ತಾರೆ?

ನೆತ್ತರಿನ ಈ ಸೂಕ್ಷ್ಮ ಓದುತ್ತಾ ನನ್ನ ಮಾತು ನಿಂತುಹೋಗುತ್ತದೆ. ಆದರೆ ಬೆರಗು ಅಲ್ಲಿಗೇ ನಿಂತರೆ ಅದು ನಮ್ಮ ಸುಖ ಮಾತ್ರ. ಕಣ ಹೇಗೆ ಬಾಗುತ್ತದೆಂದು ಬಲ್ಲವರಿಗೆ, ಗಾಯ ಕಾಣದಿದ್ದರೂ ನೋವಿದೆ ಎಂದು ನಂಬಲು ಬೇರೆ ಸಾಕ್ಷಿ ಬೇಡ. ಮಗು ನೋಯುತ್ತಿದೆ ಎಂದಾಗ ನಂಬಬೇಕು. ಔಷಧ ಕೊಡುವವರೂ, ಪಾಠ ಹೇಳುವವರೂ, ಕೂಲಿ ಕೊಡುವವರೂ.