ಹಳೆಯ ರಿವಾಲ್ವರ್ ಕೊಳ್ಳಬೇಕೇ?

ಅದ್ಲಿಯಾದಲ್ಲಿ ದುಡಿದು ಊರಿಗೆ ಮರಳಲಿರುವ ನಮ್ಮಲ್ಲಿ ಕೆಲವರಿಗೆ ತೋಟದ ಮನೆಗೊಂದು ರಿವಾಲ್ವರ್ ಬೇಕೆಂಬ ಆಸೆ. ಅದೂ ತಯಾರಿಕೆ ನಿಂತುಹೋದ ಹಳೆಯ ಮಾದರಿ. ಗಟ್ಟಿ ಕೆಲಸ, ಅಪರೂಪದ ಬೆಲೆ ಅದರ ಗುಣ. ಬಿಡಿಭಾಗ ಸಿಗದಿರುವುದು ದೋಷ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಲೈಸೆನ್ಸಿನಿಂದ ವಿನಾಯಿತಿಯಿದೆ. ಅಲ್ಲಿ ಕೋವಿ ಕೈಲ್‌ಪೊಳ್ದಿನಲ್ಲಿ ಪೂಜೆಗೊಳ್ಳುವ ಮನೆತನದ ವಸ್ತು. ಉಳಿದವರಿಗೆ ಅದು ಬರೀ ಆಯುಧ.

ವೈದ್ಯರಾದ ನಾವು ಕೇಳುವ ಪ್ರಶ್ನೆ ಬೇರೆ: ಅದು ಯಾರ ಕೈಗೆ ಸಿಕ್ಕೀತು? ಬಂದೂಕಿರುವ ಮನೆಯಲ್ಲಿ ಕೊಲೆಯ ಅಪಾಯ ಸುಮಾರು 2.7 ಪಟ್ಟು ಎಂದು ಅಮೆರಿಕದ ಡಾ. ಕೆಲರ್‌ಮನ್ ಮತ್ತು ಸಂಗಡಿಗರ 1993ರ ಅಧ್ಯಯನ ಹೇಳಿತು. ಆ ಹೆಚ್ಚಿನ ಅಪಾಯ ಬಹುಮಟ್ಟಿಗೆ ಮನೆಯವರಿಂದ, ಆಪ್ತರಿಂದಲೇ. ಕಳ್ಳ ಬರುವುದು ಎಂದೋ ಒಮ್ಮೆ. ಸಿಟ್ಟು, ಕುಡಿತ, ಬೇಸರ ನಿತ್ಯ ಬರುವ ನೆಂಟರು. ಗಟ್ಟಿ ಬಾಗಿಲು, ನಾಯಿ, ನೆರೆಯವರ ಸ್ನೇಹ ಸಾಕೆಂಬುದು ನಮ್ಮ ಅಭಿಪ್ರಾಯ.