ನಕ್ಷತ್ರ ಕಂಡವರೂ ದಾರಿ ಕೇಳಿದರು



ಮೂಡಣದ ಜ್ಞಾನಿಗಳು ನಕ್ಷತ್ರ ಕಂಡು ಹೊರಟವರು. ಆದರೂ ಜೆರುಸಲೇಮಿಗೆ ಬಂದಾಗ, ಹುಟ್ಟಿದ ಅರಸ ಎಲ್ಲಿ ಎಂದು ಊರಲ್ಲಿ ವಿಚಾರಿಸಿದರು ಎನ್ನುತ್ತದೆ ಸಂತ ಮತ್ತಾಯರ ಶುಭಸಂದೇಶದ ಎರಡನೇ ಅಧ್ಯಾಯ. ಆಕಾಶದ ಗುರುತು ಸಿಕ್ಕಿದ್ದರೂ ಮನುಷ್ಯರನ್ನು ಕೇಳಲು ಅವರು ನಾಚಲಿಲ್ಲ. ಬೆತ್ಲೆಹೇಮ್ ಎಂಬ ಹೆಸರು ತಿಳಿದದ್ದು ಹಾಗೆ ಕೇಳಿದ್ದರಿಂದ.

ಮಳೆಗಾಲದಲ್ಲಿ ಬೈಕು, ಕಾರು ಹತ್ತುವ ಯುವಜನರಾದ ನಾವು ಇದನ್ನು ಮನಸ್ಸಿನಲ್ಲಿಡಬೇಕು. 2024ರ ಜೂನ್‌ನಲ್ಲಿ ನಮ್ಮದೇ ಕಾಸರಗೋಡು ಜಿಲ್ಲೆಯ ಪಳ್ಳಂಜಿಯಲ್ಲಿ, ಮೊಬೈಲ್ ಮ್ಯಾಪ್ ನೋಡಿಕೊಂಡು ಕರ್ನಾಟಕದ ಆಸ್ಪತ್ರೆಗೆ ಹೊರಟಿದ್ದ ಇಬ್ಬರು ಯುವಕರ ಕಾರು ತುಂಬಿ ಹರಿಯುತ್ತಿದ್ದ ಹೊಳೆಗೆ ಇಳಿಯಿತು. ಕೊಚ್ಚಿಹೋದ ಕಾರು ಮರಕ್ಕೆ ಸಿಕ್ಕಿಕೊಂಡಿತು. ಹೊರಬಂದ ಅವರು ತಾವಿರುವ ಜಾಗವನ್ನು ಫೋನಿನಲ್ಲೇ ತಿಳಿಸಿದರು. ಅಗ್ನಿಶಾಮಕ ದಳದವರು ಹಗ್ಗ ಹಾಕಿ ಪಾರುಮಾಡಿದರು. ಹೊಳೆಯ ಕಡೆಗೆ ಕರೆದೊಯ್ದದ್ದೂ ಫೋನು, ನೆರವಿಗೆ ಒದಗಿದ್ದೂ ಫೋನು. ಆದ್ದರಿಂದ ಅದನ್ನು ಶಪಿಸುವುದು ಬೇಡ, ಅದರ ಮಿತಿ ತಿಳಿಯೋಣ.

ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಫೋನು ನಾವಿರುವ ಸ್ಥಳವನ್ನು ಲೆಕ್ಕ ಹಾಕುತ್ತದೆ. ರಸ್ತೆಯ ಚಿತ್ರವಾದರೋ ಮೊದಲೇ ಬರೆದಿಟ್ಟದ್ದು. ರಾತ್ರಿಯ ಮಳೆಗೆ ಸಂಕದ ಮೇಲೆ ನೀರು ಬಂದಿದೆಯೇ ಎಂಬುದು ಆ ಉಪಗ್ರಹಕ್ಕೆ ಗೊತ್ತಿಲ್ಲ. ದಟ್ಟ ಕಾಡಿನಲ್ಲಿ, ಆಳ ಕಣಿವೆಯಲ್ಲಿ ಸಂಕೇತವೂ ಕುಗ್ಗುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ, ಮೊದಲೇ ಇಳಿಸಿಟ್ಟುಕೊಳ್ಳದ ಮ್ಯಾಪ್ ತೆರೆಯದು.

ಜೆರುಸಲೇಮಿನ ಧರ್ಮಶಾಸ್ತ್ರಿಗಳನ್ನೂ ನೆನೆಯೋಣ. ಊರು ಯಾವುದೆಂದು ಅವರು ಸರಿಯಾಗಿಯೇ ಹೇಳಿದರು. ಆದರೆ ಕೂಸನ್ನು ಕಾಣಲು ಹೊರಟರೆಂದು ಶುಭಸಂದೇಶ ಹೇಳುವುದಿಲ್ಲ. ದಾರಿ ತಿಳಿದಿರುವುದು ಬೇರೆ, ನಡೆಯುವುದು ಬೇರೆ. ಜ್ಞಾನಿಗಳು ಕೇಳಿದರು, ನಡೆದರು, ಕಂಡು ಆರಾಧಿಸಿದರು. ಹೆರೋದನ ಬಳಿಗೆ ಹೋಗಬಾರದೆಂದು ಕನಸಿನಲ್ಲಿ ಎಚ್ಚರಿಕೆ ಬಂದಾಗ ಬೇರೆ ದಾರಿ ಹಿಡಿದು ಊರಿಗೆ ಮರಳಿದರು. ಹಿಡಿದ ದಾರಿಯನ್ನು ಬಿಡುವುದು ಸೋಲಲ್ಲ.

ಆದ್ದರಿಂದ ಹೊರಡುವ ಮುನ್ನ ಮ್ಯಾಪ್ ಇಳಿಸಿಟ್ಟುಕೊಳ್ಳೋಣ. ಹೋಗುವ ದಾರಿ, ತಲುಪುವ ಹೊತ್ತು ಮನೆಯವರಿಗೆ ಹೇಳೋಣ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಮ್ಯಾಪ್ ಏನೇ ತೋರಿಸಲಿ, ಹಿಂದಿರುಗೋಣ. ಗೂಡಂಗಡಿಯವರನ್ನು, ರಿಕ್ಷಾದವರನ್ನು ಕೇಳೋಣ. ನಮ್ಮ ಮಲಯಾಳ ಸರಿಯಿಲ್ಲವೆಂಬ ಸಂಕೋಚದಿಂದ ಬಾಯಿ ಮುಚ್ಚಿಕೊಂಡು ಫೋನನ್ನೇ ನೋಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಕನ್ನಡ, ತುಳು, ಕೊಂಕಣಿ, ಮಲಯಾಳ ಬೆರೆತ ಈ ಮಣ್ಣಿನಲ್ಲಿ ಮುರುಕು ಮಾತಿಗೂ ಉತ್ತರ ಸಿಗುತ್ತದೆ. ಜ್ಞಾನಿಗಳೂ ಪರಊರಿನವರೇ ಆಗಿದ್ದರು.

ಓದು, ಕೆಲಸ, ಮದುವೆಯ ವಿಷಯದಲ್ಲೂ ಹೀಗೆಯೇ. ಎಲ್ಲಕ್ಕೂ ಮೊಬೈಲ್ ಪರದೆಯಲ್ಲೇ ಉತ್ತರ ಹುಡುಕುವ ನಮಗೆ ದೇವರು ಹೆತ್ತವರನ್ನು, ಗುರುಗಳನ್ನು, ನೆರೆಯವರನ್ನೂ ಕೊಟ್ಟಿದ್ದಾರೆ. ಅವರನ್ನು ಕೇಳೋಣ.

ಪ್ರಭುವೇ, ಕೇಳುವ ದೀನತೆಯನ್ನೂ ಹಿಂದಿರುಗುವ ಧೈರ್ಯವನ್ನೂ ನಮಗೆ ದಯಪಾಲಿಸಿರಿ. ಆಮೆನ್.